ಆರು ದಿಕ್ಕುಗಳಿಗೆ ನಮಸ್ಕಾರ

ಬೌದ್ಧಧರ್ಮವೆಂದೊಡನೆ ಸಂಸಾರವನ್ನು ತೊರೆದ ಕಾಷಾಯಧಾರಿ ಭಿಕ್ಷುವಿನ ಚಿತ್ರವೇ ನಮ್ಮ ಕಣ್ಣೆದುರು ಸುಳಿಯುತ್ತದೆ. ದುಃಖವಿದೆ, ಅದಕ್ಕೆ ತೃಷ್ಣೆಯೇ ಕಾರಣ, ಅದರ ನಿವಾರಣೆ ಸಾಧ್ಯ, ಅದಕ್ಕೆ ಅಷ್ಟಾಂಗಮಾರ್ಗವಿದೆ ಎಂಬ ನಾಲ್ಕು ಆರ್ಯಸತ್ಯಗಳನ್ನು ನಾವೆಲ್ಲ ಕೇಳಿ ಬಲ್ಲೆವು. ಶ್ರೀಲಂಕಾ, ಬರ್ಮಾಗಳ ಥೇರವಾದ, ಚೀನಾ, ಜಪಾನುಗಳ ಮಹಾಯಾನ, ಟಿಬೆಟ್ಟಿನ ವಜ್ರಯಾನ ಇವೆಲ್ಲವೂ ಒಪ್ಪುವ ತಿರುಳು ಇದು. ಆದರೆ ಬುದ್ಧನ ಬೋಧೆ ಸಂನ್ಯಾಸಿಗಳಿಗಷ್ಟೇ ಮೀಸಲಾಗಿರಲಿಲ್ಲ. ಸಂಸಾರಿಗಳಿಗೆಂದೇ ಇರುವ ಒಂದು ಉಪದೇಶ ಪಾಲಿ ಭಾಷೆಯ ದೀಘನಿಕಾಯದಲ್ಲಿದೆ. ಅದರ ಹೆಸರು ಸಿಗಾಲೋವಾದ ಸುತ್ತ. ಬೌದ್ಧ ಪರಂಪರೆ ಅದನ್ನು ಗೃಹಸ್ಥರ ವಿನಯವೆಂದೇ ಮನ್ನಿಸುತ್ತದೆ.

ರಾಜಗೃಹದ ಸಿಗಾಲನೆಂಬ ಗೃಹಸ್ಥಪುತ್ರನು ಮುಂಜಾನೆ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೂ ಕೈಮುಗಿಯುತ್ತಿದ್ದನು. ಕಾರಣವನ್ನು ಬುದ್ಧನು ಕೇಳಲು, ತಂದೆ ಸಾಯುವ ಕಾಲಕ್ಕೆ ಹೇಳಿದ್ದನೆಂಬುದಷ್ಟೇ ಅವನ ಉತ್ತರ. ಬುದ್ಧನು ಆ ಪಿತೃಭಕ್ತಿಯನ್ನು ಹಳಿಯಲಿಲ್ಲ. ಬರಿದಾಗಿದ್ದ ಆಚಾರಕ್ಕೆ ಅರ್ಥ ತುಂಬಿದನು. ಮೊದಲು ಕೊಲೆ, ಕಳವು, ವ್ಯಭಿಚಾರ, ಸುಳ್ಳುಗಳನ್ನು ಬಿಡಬೇಕು. ಸಂಪತ್ತನ್ನು ಕರಗಿಸುವ ಕುಡಿತ, ಜೂಜು, ಕೆಟ್ಟ ಸಹವಾಸಗಳಿಂದ ದೂರವಿರಬೇಕು. ಆ ಬಳಿಕವೇ ದಿಕ್ಕುಗಳ ಪೂಜೆ.

ಆ ದಿಕ್ಕುಗಳಾದರೂ ಯಾವುವು? ತಾಯಿತಂದೆಗಳೇ ಪೂರ್ವ, ಗುರುಗಳೇ ದಕ್ಷಿಣ, ಮಡದಿಮಕ್ಕಳೇ ಪಶ್ಚಿಮ, ಬಂಧುಮಿತ್ರರೇ ಉತ್ತರ. ಮೇಲಿನ ದಿಕ್ಕು ಶ್ರಮಣರು ಮತ್ತು ಬ್ರಾಹ್ಮಣರು, ಕೆಳಗಿನ ದಿಕ್ಕು ಆಳುಕಾಳುಗಳು. ಇಲ್ಲಿ ಕರ್ತವ್ಯವೆಂಬುದು ಏಕಮುಖವಲ್ಲ. ಮಕ್ಕಳು ಹೆತ್ತವರನ್ನು ಸಲಹಬೇಕು. ಹೆತ್ತವರು ಮಕ್ಕಳನ್ನು ಕೇಡಿನಿಂದ ತಡೆದು ವಿದ್ಯೆ ಕಲಿಸಬೇಕು. ಪತಿಯು ಪತ್ನಿಯನ್ನು ಗೌರವಿಸಿ, ಅವಳಿಗೆ ನಿಷ್ಠನಾಗಿದ್ದು, ಮನೆಯ ಅಧಿಕಾರವನ್ನು ಅವಳಿಗೊಪ್ಪಿಸಬೇಕು. ಪತ್ನಿಯೂ ನಿಷ್ಠೆಯಿಂದಿದ್ದು, ಗಂಡ ಗಳಿಸಿದ್ದನ್ನು ಕಾಪಾಡಬೇಕು.

ಈ ಆರರಲ್ಲಿ ನಮ್ಮ ಕೈ ಸುಲಭವಾಗಿ ಮುಗಿಯದ ದಿಕ್ಕು ಕೆಳಗಿನದು. ದುಡಿಯುವವರಿಗೆ ಅವರ ಶಕ್ತಿಗೆ ತಕ್ಕ ಕೆಲಸ ಕೊಡಬೇಕು. ಅನ್ನ ಮತ್ತು ಕೂಲಿಯನ್ನು ತಪ್ಪಿಸಬಾರದು. ಕಾಯಿಲೆ ಬಿದ್ದಾಗ ಉಪಚರಿಸಬೇಕು. ಮನೆಯಲ್ಲಿ ವಿಶೇಷ ಅಡುಗೆಯಾದರೆ ಪಾಲು ಕೊಡಬೇಕು. ಕಾಲಕಾಲಕ್ಕೆ ಬಿಡುವು ನೀಡಬೇಕು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಐದು ಮಾತುಗಳು ಇಂದಿಗೂ ಹಳತಾಗಿಲ್ಲ. ಪಾತ್ರೆ ತೊಳೆಯುವಾಕೆ ಜ್ವರದಿಂದ ಎರಡು ದಿನ ಬಾರದಿದ್ದರೆ ನಾವು ಆಕೆಯ ಆರೋಗ್ಯ ವಿಚಾರಿಸುತ್ತೇವೆಯೋ, ಸಂಬಳದಲ್ಲಿ ಆ ದಿನಗಳನ್ನು ಕಳೆಯುತ್ತೇವೆಯೋ? ಹಬ್ಬದ ಹೋಳಿಗೆ ಆಕೆಗೆ ಬಿಸಿಯಾಗಿ ಸಿಗುತ್ತದೆಯೋ, ಮರುದಿನ ಉಳಿದರೆ ಮಾತ್ರವೋ?

ಉಪದೇಶ ಮುಗಿದಾಗ ಸಿಗಾಲನು ಬುದ್ಧನಿಗೆ ಶರಣಾಗಿ ಉಪಾಸಕನಾದನು. ಅದಕ್ಕಾಗಿ ಅವನು ಮನೆಯನ್ನು ತೊರೆಯಬೇಕಾಗಲಿಲ್ಲ. ಅವನು ನಮಸ್ಕರಿಸಬೇಕಾದ ದಿಕ್ಕುಗಳು ಇದ್ದುದೇ ಆ ಮನೆಯಲ್ಲಿ, ಅದರ ಸುತ್ತಮುತ್ತಲಲ್ಲಿ.