ಹಳೆಯ ಕಪಾಟಿನ ಕಾದಂಬರಿಗಳು

ವಾಚಕ ಮಹಾಶಯರೊಬ್ಬರು ಶಿವಮೊಗ್ಗೆಯಿಂದ ಬರೆದ ಪತ್ರವೊಂದು ಕಳೆದ ತಿಂಗಳು ನನ್ನ ಕೈಸೇರಿತು. ಅವರ ತಾಯಿಯವರು ತೀರಿಕೊಂಡು ವರ್ಷ ತುಂಬಿದೆ. ಆಕೆಯ ಕೋಣೆಯ ಕಪಾಟಿನಲ್ಲಿ 60-70 ಕಾದಂಬರಿಗಳಿವೆಯಂತೆ. ಬಹುಪಾಲು ತ್ರಿವೇಣಿಯವರವು, ಎಂ. ಕೆ. ಇಂದಿರಾ ಅವರವು. "ಇವೆಲ್ಲ ಹೆಂಗಸರನ್ನು ಅಳಿಸುವುದಕ್ಕೆಂದು ಬರೆದ ಜನಪ್ರಿಯ ಪುಸ್ತಕಗಳು. ಮನೆಯಲ್ಲಿ ಸ್ಥಳ ಸಾಲದು. ರದ್ದಿಯವನಿಗೆ ಕೊಟ್ಟುಬಿಡಬಹುದಷ್ಟೆ? ಹತ್ತನೆಯ ತರಗತಿಯಲ್ಲಿರುವ ಮಗಳು ಓದುವುದಕ್ಕೆ ಇವು ಯೋಗ್ಯವೇ?" ಎಂದು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ, ಹೇಳಬೇಕೋ ಬೇಡವೋ ಎಂಬಂತೆ, ಅನೇಕ ಪುಟಗಳ ಅಂಚಿನಲ್ಲಿ ತಾಯಿಯವರು ಸೀಸದ ಕಡ್ಡಿಯಿಂದ ಗೆರೆ ಎಳೆದಿರುವರೆಂದೂ ತಿಳಿಸಿದ್ದಾರೆ.

ಪುಸ್ತಕಗಳನ್ನು ಓದದೆ ಇದಕ್ಕೆ ಉತ್ತರ ಕೊಡುವುದು ಉಚಿತವಲ್ಲ. ಆದಕಾರಣ ನಮ್ಮೂರ ಗ್ರಂಥಾಲಯದಿಂದ ಮೂರು ಕಾದಂಬರಿಗಳನ್ನು ತಂದು ಈ ತಿಂಗಳೆಲ್ಲ ಓದಿದೆನು. ಎರಡು ಅವರ ಕಪಾಟಿನವು. ಮೂರನೆಯದು ನನ್ನ ಆಯ್ಕೆ.

ಮೊದಲು ಆ 'ಜನಪ್ರಿಯ' ಎಂಬ ಮಾತನ್ನು ನೋಡೋಣ. ವಿದ್ವಾಂಸರು ಈಚೆಗೆ ಅದನ್ನು ಬೈಗುಳದಂತೆ ಬಳಸುವುದುಂಟು. ರಾಮಾಯಣಕ್ಕಿಂತಲೂ ಜನಪ್ರಿಯವಾದ ಕಾವ್ಯವು ನಮ್ಮಲ್ಲಿ ಯಾವುದಿದೆ? ಇನ್ನು ಅಳಿಸುವುದೂ ಸ್ವತಃ ದೋಷವಲ್ಲ. ಕರುಣವು ರಸಗಳಲ್ಲಿ ಒಂದು. ಭವಭೂತಿಯು ಉತ್ತರರಾಮಚರಿತವನ್ನು ಅದರ ಮೇಲೆಯೇ ನಿಲ್ಲಿಸಿದನು. ಅತ್ತ ಬಳಿಕ ಓದುಗನಿಗೆ ತನ್ನ ಮನೆಯವರು ಮೊದಲಿಗಿಂತ ಚೆನ್ನಾಗಿ ಕಾಣಿಸಿದರೋ ಇಲ್ಲವೋ ಎಂಬುದೇ ಕೇಳತಕ್ಕ ಪ್ರಶ್ನೆ.

ತ್ರಿವೇಣಿಯವರು (ಅನಸೂಯಾ ಶಂಕರ್) 1928ರಲ್ಲಿ ಜನಿಸಿ, 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆಣ್ಣು ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬರೆದದ್ದು ಸುಮಾರು ಹತ್ತು ವರ್ಷ. ಬರೆದ ಕಾದಂಬರಿಗಳು ಇಪ್ಪತ್ತರಷ್ಟು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದವರು. ಆ ವ್ಯಾಸಂಗವು 'ಶರಪಂಜರ'ದಲ್ಲಿ ಪಾಂಡಿತ್ಯವಾಗಿ ಉಬ್ಬಿಕೊಂಡಿಲ್ಲ, ಕಥೆಯೊಳಗೆ ಕರಗಿದೆ. ಕಾವೇರಿ ಎಂಬ ಗೃಹಿಣಿಯು ಎರಡನೆಯ ಹೆರಿಗೆಯ ತರುವಾಯ ಬುದ್ಧಿವಿಕಲ್ಪಕ್ಕೆ ಒಳಗಾಗುತ್ತಾಳೆ. ಆಸ್ಪತ್ರೆಗೆ ಸೇರಿ ಗುಣವಾಗಿ ಮನೆಗೆ ಹಿಂದಿರುಗುತ್ತಾಳೆ. ಕಥೆಯ ನಿಜವಾದ ಆರಂಭವು ಇಲ್ಲಿಂದ. ರೋಗವು ಹೋಯಿತು, ಆದರೆ 'ಹುಚ್ಚಿ' ಎಂಬ ಹೆಸರು ಹೋಗಲಿಲ್ಲ. ಆಕೆ ನಕ್ಕರೆ ಸಂಶಯ, ಸಿಟ್ಟುಮಾಡಿದರೆ ಭಯ. ಗಂಡನಾದ ಸತೀಶನ ಮನಸ್ಸು ಬೇರೆಡೆಗೆ ತಿರುಗಿದೆ. ಕೊನೆಗೆ ಆಕೆಯು ಬಿಟ್ಟುಬಂದ ಕತ್ತಲೆಗೇ ಮರಳುತ್ತಾಳೆ.

ಹೆಸರಿನ ಔಚಿತ್ಯವನ್ನು ಗಮನಿಸಬೇಕು. ಭೀಷ್ಮನದು ಶರಶಯ್ಯೆ, ಅಲ್ಲಿ ಬಾಣಗಳು ಮೈಯನ್ನು ಹೊಕ್ಕು ಆಗಿದೆ. ಪಂಜರದಲ್ಲಿ ಹಾಗಲ್ಲ. ಸುಮ್ಮನೆ ಕುಳಿತರೆ ಒಂದೂ ತಾಗುವುದಿಲ್ಲ, ಅಲುಗಿದರೆ ಯಾವ ಕಡೆಗಾದರೂ ಚುಚ್ಚುತ್ತದೆ. ನನ್ನ ಬಂಧುಗಳ ಮನೆಯೊಂದರಲ್ಲಿ, ಇಂತಹುದೇ ಚಿಕಿತ್ಸೆ ಮುಗಿಸಿ ಬಂದ ಸೊಸೆಯ ಕೈಗೆ ಆರು ತಿಂಗಳವರೆಗೆ ಈಳಿಗೆಮಣೆಯನ್ನು ಕೊಟ್ಟಿರಲಿಲ್ಲ. ತರಕಾರಿ ಹೆಚ್ಚುವ ಹೊತ್ತಾದರೆ ಸಾಕು, "ನೀನು ಹೋಗಿ ಸ್ವಲ್ಪ ಮಲಗಿಕೋ ತಾಯಿ" ಎನ್ನುವರು. ಮಾತಿನಲ್ಲಿ ಪ್ರೀತಿಯೇ ಇತ್ತು. ಆಕೆಯು ಎದ್ದು ಹೋಗುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಶಾಕುಂತಲವನ್ನು ವರ್ಷ ವರ್ಷವೂ ಪಾಠ ಹೇಳಿದವನಾದುದರಿಂದ ನನಗೆ ಇಲ್ಲಿ ದುಷ್ಯಂತನ ನೆನಪಾಗದಿರಲಿಲ್ಲ. ಅವನೂ ಬಾಗಿಲಿಗೆ ಬಂದ ಹೆಂಡತಿಯನ್ನು ಗುರುತಿಸಲಿಲ್ಲ. ಆದರೆ ಕಾಳಿದಾಸನು ಕರುಣಾಳು. ದುರ್ವಾಸರ ಶಾಪವೊಂದನ್ನು ತಂದು ರಾಜನ ಅಪರಾಧವನ್ನು ಮುಚ್ಚಿದನು, ಉಂಗುರವೊಂದನ್ನು ಇಟ್ಟು ದಾರಿಯನ್ನೂ ತೆರೆದನು. ತ್ರಿವೇಣಿಯವರು ಸತೀಶನಿಗೆ ಯಾವ ಶಾಪದ ನೆಪವನ್ನೂ ಒದಗಿಸಲಿಲ್ಲ, ಉಂಗುರವನ್ನೂ ಕೊಡಲಿಲ್ಲ. ಈ ನಿಷ್ಠುರತೆಯಿಂದಲೇ ಪುಸ್ತಕವು ಉಳಿದಿದೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಲನಚಿತ್ರವನ್ನೂ ಕಲ್ಪನಾ ಅವರ ಅಭಿನಯವನ್ನೂ ನೆನೆಯುವವರು ಇನ್ನೂ ಅನೇಕರು. ಅವರು ಪುಸ್ತಕವನ್ನೂ ಓದಬೇಕು. ಕೊರತೆಯೊಂದನ್ನು ಹೇಳುವುದಾದರೆ, ಸತೀಶನ ಮನಸ್ಸಿಗೆ ಲೇಖಕಿ ಮೀಸಲಿಟ್ಟ ಪುಟಗಳು ಸಾಲವು. ಅವನನ್ನು ನಾವು ದೂಷಿಸುತ್ತೇವೆ, ಆದರೆ ಅವನಲ್ಲಿ ನಮ್ಮನ್ನು ಕಾಣುವುದಿಲ್ಲ. ಗಂಡಸರಾದ ಓದುಗರು ಇದರಿಂದ ಸುಲಭವಾಗಿ ಪಾರಾಗಿಬಿಡುತ್ತಾರೆ. ವೈದ್ಯರ ಲೆಕ್ಕದಲ್ಲಿ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಈ ವ್ಯಾಧಿಯು ತಲೆದೋರುತ್ತದೆ. ಸಕಾಲದಲ್ಲಿ ಚಿಕಿತ್ಸೆಯಾದರೆ ಬಹುಮಂದಿ ಗುಣಹೊಂದುತ್ತಾರೆ. ಆ ಬಳಿಕ ಆಗಬೇಕಾದುದು ಮನೆಯವರ ಕೆಲಸ.

ಇಂದಿರಾ ಅವರ 'ಫಣಿಯಮ್ಮ' (1976) ಬೇರೆಯೇ ಜಾತಿಯ ಪುಸ್ತಕ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿಯಾದ 'ತುಂಗಭದ್ರ' ಹೊರಬಂದದ್ದು 1963ರಲ್ಲಿ; ಅಷ್ಟರವರೆಗೆ ಅವರು ಸಂಸಾರವನ್ನು ನಡೆಸುತ್ತ ಎಲ್ಲವನ್ನೂ ನೋಡಿ ಕೇಳಿ ಕೂಡಿಟ್ಟಿದ್ದರೆಂದು ತೋರುತ್ತದೆ. ತಮ್ಮ ವಂಶದ ಹಿರಿಯಳೊಬ್ಬಳ ವೃತ್ತಾಂತವನ್ನು ತಾಯಿಯ ಬಾಯಿಂದ ಕೇಳಿ ಬರೆದ ಕಥೆಯಿದು. ಮದುವೆಯೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾದ ಮಲೆನಾಡಿನ ಹುಡುಗಿಯೊಬ್ಬಳು ತಲೆ ಬೋಳಿಸಿಕೊಂಡು, ಹೊತ್ತಿಗೊಂದು ಊಟ ಮಾಡಿ, ನೂರು ವರ್ಷ ದಾಟಿ ಬದುಕಿದಳು.

ಮಮ್ಮಟನು ಉಪದೇಶವನ್ನು ಮೂರು ಬಗೆಯಾಗಿ ಹೇಳಿದ್ದಾನೆ: ವೇದವು ಪ್ರಭುವಿನಂತೆ ಆಜ್ಞೆ ಮಾಡುತ್ತದೆ, ಪುರಾಣವು ಮಿತ್ರನಂತೆ ತಿಳಿಹೇಳುತ್ತದೆ, ಕಾವ್ಯವು ಕಾಂತೆಯಂತೆ ಒಲಿಸಿಕೊಳ್ಳುತ್ತದೆ. 'ಫಣಿಯಮ್ಮ'ವು ಈ ಮೂರರಲ್ಲಿ ಯಾವುದಕ್ಕೂ ಸೇರದು. ಅಜ್ಜಿಸಂಮಿತವೆಂಬ ನಾಲ್ಕನೆಯದೊಂದನ್ನು ಸೇರಿಸಲು ಆಲಂಕಾರಿಕರು ಒಪ್ಪುವರೋ ಕಾಣೆ. ಹತ್ತಿಯ ಬತ್ತಿ ಹೊಸೆಯುತ್ತ ಅಜ್ಜಿ ಹೇಳುವ ಕಥೆಯಲ್ಲಿ ಹೇಗೆ ನಡುನಡುವೆ ನೆಂಟರಿಷ್ಟರೆಲ್ಲ ಬಂದುಹೋಗುವರೋ ಹಾಗೆಯೇ ಇಲ್ಲಿಯೂ. ಯಾರು ಯಾರಿಗೆ ಏನಾಗಬೇಕೆಂಬುದನ್ನು ನಾನು ಎರಡು ಬಾರಿ ಪುಟ ತಿರುವಿ ನೋಡಬೇಕಾಯಿತು. ಸಂಬಂಧಗಳ ಈ ಗೊಂದಲವನ್ನು ಸಹಿಸಿಕೊಂಡವನಿಗೆ ಫಲವುಂಟು.

ಹೆರಿಗೆಯಾಗದೆ ನರಳುತ್ತಿದ್ದ ಹೆಣ್ಣೊಬ್ಬಳನ್ನು ಬದುಕಿಸಲು ಫಣಿಯಮ್ಮನು ಯಾರಿಗೂ ಹೇಳದೆ ಹೊರಡುವ ಸಂದರ್ಭವನ್ನೇ ನೋಡಿ. ಆ ಹೆಣ್ಣು ಅಸ್ಪೃಶ್ಯಳೆಂದು ಊರು ದೂರವಿಟ್ಟವಳು. ಮಡಿಯನ್ನೇ ಬಾಳಾಗಿ ಮಾಡಿಕೊಂಡಿದ್ದ ಮುದುಕಿಗೆ ಆ ಹೊತ್ತಿನಲ್ಲಿ ವಾದ ಬೇಕಾಗಲಿಲ್ಲ. ತನ್ನ ಸಣ್ಣ ಕೈಯಿಂದ ಆ ಕೆಲಸವಾಗುತ್ತದೆಯೆಂಬುದಷ್ಟೇ ಸಾಕಾಯಿತು. ಮುಂದೆ ದಾಕ್ಷಾಯಿಣಿಯೆಂಬ ಎಳೆಯ ವಿಧವೆಯು ತಲೆಗೂದಲು ತೆಗೆಸಲು ಒಪ್ಪದೆ ಹೋದಾಗ ಮನೆಯ ಹಿರಿಯರು ರೇಗುತ್ತಾರೆ. ಆಕೆಯ ಪರವಾಗಿ ನಿಲ್ಲುವವಳು ಆ ಕಷ್ಟವನ್ನೆಲ್ಲ ತಾನು ಪೂರ್ತಿಯಾಗಿ ಉಂಡಿದ್ದ ಫಣಿಯಮ್ಮ. ತಾನು ಪಟ್ಟ ಪಾಡನ್ನು ಮುಂದಿನವರೂ ಪಡಲಿ ಎನ್ನುವ ಅತ್ತೆಯರು ಎಷ್ಟು ಮನೆಗಳಲ್ಲಿಲ್ಲ! ಅದಕ್ಕೆ ಉತ್ತರವಾಗಿ ಲೇಖಕಿಯು ಒಂದು ಉಪನ್ಯಾಸವನ್ನೂ ಮಾಡದೆ ಈ ಬೋಳುತಲೆಯ ಮುದುಕಿಯನ್ನು ನಿಲ್ಲಿಸಿದ್ದಾರೆ. ಇದನ್ನು ಓದುವಾಗ ನನಗೆ ಅಳು ಬರಲಿಲ್ಲ. ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕುಳಿತಿದ್ದೆನು.

ಈಗ ಶಿವಮೊಗ್ಗೆಯ ಮಹನೀಯರಿಗೆ ನನ್ನ ಅಭಿಪ್ರಾಯ. 60-70ರಲ್ಲಿ ಎಲ್ಲವೂ ಇಡತಕ್ಕವಲ್ಲ. ಸೊಸೆಯು ಮುನ್ನೂರು ಪುಟ ಕಷ್ಟಪಟ್ಟು, ಕೊನೆಯ ಹತ್ತು ಪುಟಗಳಲ್ಲಿ ಎಲ್ಲರೂ ಒಮ್ಮೆಲೇ ಒಳ್ಳೆಯವರಾಗಿಬಿಡುವ ಪುಸ್ತಕಗಳೂ ಅದರಲ್ಲಿ ಇದ್ದೇ ಇರುವುವು. ಅವನ್ನು ಸಂಕೋಚವಿಲ್ಲದೆ ಕೊಟ್ಟುಬಿಡಬಹುದು. ಆದರೆ ಕೊಡುವ ಮೊದಲು ಗೆರೆಯೆಳೆದ ಪುಟಗಳನ್ನು ತಾವೇ ಕುಳಿತು ಓದಬೇಕೆಂದು ವಿನಂತಿ. ಹೆಂಗಸರು ಅಳುವುದಕ್ಕೆ ಮಾತ್ರ ಓದುತ್ತಾರೆಂದು ತಾವು ತಿಳಿದಿದ್ದೀರಿ. ಅಳುವವರು ಸೀಸದ ಕಡ್ಡಿಯನ್ನು ಹುಡುಕಿ ತರುವುದಿಲ್ಲ. ತಾಯಿಯವರು ಯಾವ ಮಾತನ್ನು ಯಾವ ವಯಸ್ಸಿನಲ್ಲಿ ಗುರುತುಮಾಡಿದರೆಂಬುದು ಪುಸ್ತಕದಂಗಡಿಯಲ್ಲಿ ದೊರೆಯುವ ಹೊಸ ಪ್ರತಿಯಲ್ಲಿ ಇರಲಾರದು.

ಮಗಳ ವಿಷಯ. ಹದಿನೈದು ಹದಿನಾರರ ಹುಡುಗಿಯು 'ಫಣಿಯಮ್ಮ'ವನ್ನು ಅವಶ್ಯವಾಗಿ ಓದಬಹುದು. 'ಶರಪಂಜರ'ವನ್ನು ತಾಯಿಯೊಡನೆ ಓದಿದರೆ ಮೇಲು. ಅವೆರಡಕ್ಕೂ ಮುಂಚೆ ನನ್ನ ಮೂರನೆಯ ಪುಸ್ತಕವನ್ನು ಆಕೆಗೆ ಕೊಡಿ: ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಇದರಲ್ಲಿ ಕಣ್ಣೀರಿಲ್ಲ, ಜೇನು, ನಾಯಿ, ಕಾಡು, ಹಾರುವ ಓತಿ, ಹೊಟ್ಟೆ ಹುಣ್ಣಾಗುವಷ್ಟು ನಗೆ ಇವೆ. ಜೇನು ಹಿಡಿಯುವ ಮಂದಣ್ಣನನ್ನು ಊರವರು ಕೆಲಸಕ್ಕೆ ಬಾರದವನೆಂದು ಬಿಟ್ಟಿದ್ದಾರೆ. ವಿಜ್ಞಾನಿಯಾದ ಕರ್ವಾಲೊ ಮಾತ್ರ, ಕೀಟಗಳನ್ನು ನೋಡುವ ಅವನ ಕಣ್ಣು ಎಂತಹುದೆಂಬುದನ್ನು ಕಂಡುಕೊಳ್ಳುತ್ತಾರೆ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋದ ನನ್ನಂತಹವನು ಈ ಭಾಗವನ್ನು ನಿಧಾನವಾಗಿಯೇ ಓದಬೇಕು. ಕೊನೆಯ ಬೆಂಚಿನ ಹುಡುಗರ ಮುಖಗಳು ಒಂದೊಂದಾಗಿ ಎದ್ದು ಬರುತ್ತವೆ. ಓತಿಯು ಕೊನೆಗೂ ಯಾರ ಕೈಗೂ ಸಿಕ್ಕದೆ ಕಣಿವೆಯ ಮೇಲೆ ತೇಲಿಹೋಗುತ್ತದೆ. ಅದು ಸಿಕ್ಕಬೇಕಾಗಿತ್ತೆಂದು ಹಟಮಾಡುವ ಓದುಗರನ್ನು ಕಂಡಿದ್ದೇನೆ; ನಾನು ಆ ಪಕ್ಷದವನಲ್ಲ. ಮಗಳು ಓದಿ ಮುಗಿಸಿದ ಮೇಲೆ ತಾನು ಯಾವ ಪಕ್ಷವೆಂದು ನನಗೊಂದು ಕಾಗದ ಬರೆಯಲಿ.