ಟಕ್ ಟಕ್ ಅಂದ ಮಾತ್ರಕ್ಕೆ ಎಂಜಿನ್ ಸತ್ತಿಲ್ಲ!

ಕ್ಯಾಲಿಫೋರ್ನಿಯಾದಲ್ಲಿ ನನ್ನದೊಂದು 1982ರ ಫೋಕ್ಸ್‌ವ್ಯಾಗನ್ ವ್ಯಾನಗನ್ ಇದೆ. ಏರ್-ಕೂಲ್ಡ್, 2 ಲೀಟರ್ ಎಂಜಿನ್. ಚಳಿಗಾಲವಿಡೀ ನಿಂತಿದ್ದನ್ನು ಸ್ಟಾರ್ಟ್ ಮಾಡಿದರೆ ಟಕ್ ಟಕ್ ಟಕ್! ಮೆಕ್ಯಾನಿಕ್ ಏನನ್ನೂ ಮುಟ್ಟದೆ "ಎಂಜಿನ್ನೇ ಬದಲಿಸಿ" ಅಂದ. ನೆಗಡಿ ಬಂತು ಅಂತ ಮೂಗು ಕೊಯ್ಯೋದೇ ಸ್ವಾಮಿ?

ಹೈಡ್ರಾಲಿಕ್ ಲಿಫ್ಟರಿನೊಳಗೆ ತುಂಬಿದ ಆಯಿಲ್ಲೇ ವಾಲ್ವಿನ ಸಂದು ಮುಚ್ಚೋದು. ಗಾಡಿ ನಿಂತರೆ ಆಯಿಲ್ ಇಳಿದು ಗಾಳಿ ಸೇರುತ್ತೆ, ಅಷ್ಟೇ. ಪ್ರೆಶರ್ ಅಳೆದೆ, ಸರಿಯಿತ್ತು. ಆಯಿಲ್ ಬದಲಿಸಿ ಓಡಿಸಿದೆ. ಎಂಟರಲ್ಲಿ ಏಳು ಸುಮ್ಮನಾದವು. ರಾಕರ್ ಒತ್ತಿದರೆ ಮೆತ್ತಗಿದ್ದ ಇನ್ನೊಂದನ್ನು ಬಿಚ್ಚಿ, ಜಿಡ್ಡು ತೊಳೆದು, ಆಯಿಲ್ಲಲ್ಲಿ ಮುಳುಗಿಸಿ ಗಾಳಿ ತೆಗೆದು ಕೂರಿಸಿದೆ. ಸದ್ದಡಗಿತು!

ಪ್ರೆಶರ್ ಕಮ್ಮಿಯಿದ್ದಿದ್ದರೆ ಅವನ ಮಾತು ಒಪ್ಪುತ್ತಿದ್ದೆ. ಅಳೆಯದೆ ತೀರ್ಪು ಕೊಟ್ಟಿದ್ದಕ್ಕೇ ನನ್ನ ಸಿಟ್ಟು. ಆದರೂ... ಬಗ್ ಹುಡುಕದೆ "ಎಲ್ಲಾ ಹೊಸದಾಗಿ ಬರೆಯೋಣ" ಅನ್ನೋ ಇಂಜಿನಿಯರುಗಳು ನಾವೇ ತಾನೆ?