ಮನೆಯ ಮಾತು: ಕಥೆ ಹೇಳುವವರು ಯಾರು?



ಶ್ರೀರಾಮನ ತಾಯಿ ಯಾರು? ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ತಿಳಿಯದ ಮಗು ನಮ್ಮ ಮನೆಯಲ್ಲಿ ಇರಲಾರದೆಂದು ನಾವೆಲ್ಲರೂ ನೆಚ್ಚಿಕೊಂಡಿರುವೆವಷ್ಟೆ. ಆದರೆ 1967ರ ಫೆಬ್ರವರಿಯಲ್ಲಿ ದೆಹಲಿಯ ದೂರದರ್ಶನದಲ್ಲಿ ತೋರಿಸಿದ ರಸಪ್ರಶ್ನೆಯೊಂದರಲ್ಲಿ, ಗ್ರೀಕರ ದೇವತೆಗಳನ್ನು ಕುರಿತು ಥಟ್ಟನೆ ಉತ್ತರ ಕೊಟ್ಟ ಎಳೆಯರು ಈ ಪ್ರಶ್ನೆಗೆ ಮಾತಿಲ್ಲದೆ ಕುಳಿತರು. ಅಂಗಡಿಯೊಂದರಲ್ಲಿ ನಿಂತು ಅದನ್ನು ನೋಡುತ್ತಿದ್ದ ಮೂವತ್ತೇಳು ವಯಸ್ಸಿನ ಗೃಹಸ್ಥರೊಬ್ಬರ ಮನಸ್ಸಿಗೆ ಆ ಮೌನವು ಮುಳ್ಳಿನಂತೆ ನಾಟಿತು. ಮುಂದೆ ಅಮರ ಚಿತ್ರ ಕಥೆಯ ಮೂಲಕ ದೇಶದ ಮಕ್ಕಳಿಗೆಲ್ಲ ‘ಅಂಕಲ್ ಪೈ’ ಆದ ಅನಂತ ಪೈಗಳೇ ಅವರು.

ಪೈಗಳು ನಮ್ಮ ಕಾರ್ಕಳದವರು. 1929ನೆಯ ಇಸವಿ ಸೆಪ್ಟೆಂಬರ್ 17ರಂದು ಹುಟ್ಟಿದ ಈ ಶಿಶುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ತಾಯಿತಂದೆಗಳಿಬ್ಬರೂ ಇಲ್ಲವಾದರು. ಹನ್ನೆರಡನೆಯ ವಯಸ್ಸಿನಲ್ಲಿ ಬಾಲಕನು ಮುಂಬಯಿಯನ್ನು ಸೇರಿದನು. ಅಲ್ಲಿ ಕಲಿತದ್ದು ರಸಾಯನ ತಂತ್ರಶಾಸ್ತ್ರ. ಒಲಿದದ್ದು ಅಚ್ಚಿನ ಅಕ್ಷರ. 1954ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿ ಸೋತರು. ಆ ಬಳಿಕ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗದಲ್ಲಿ ಕೆಲಸಕ್ಕೆ ಸೇರಿ, 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭವಾದಾಗ ಅದರ ಹೊಣೆಯಲ್ಲಿ ಪಾಲುಗೊಂಡರು. ಅದರ ನಾಯಕನು ಅಮೆರಿಕದಿಂದ ಬಂದ ಫ್ಯಾಂಟಮ್. ಚಿತ್ರಗಳ ಮೂಲಕ ಹೇಳಿದ ಕಥೆಗೆ ಮಕ್ಕಳು ಹೇಗೆ ಮುಗಿಬೀಳುವರೆಂಬುದನ್ನು ಪೈಗಳು ಇಲ್ಲಿ ಕಣ್ಣಾರೆ ಕಂಡರು. ಹಾಗಾದರೆ ನಮ್ಮ ಕಥೆಗಳನ್ನೇ ಏಕೆ ಹೀಗೆ ಹೇಳಬಾರದು?

ಇಲ್ಲಿ ಕನ್ನಡಿಗರು ತಿಳಿದಿರಬೇಕಾದ ಒಂದು ಸಂಗತಿಯುಂಟು. ಅಮರ ಚಿತ್ರ ಕಥೆಯೆಂಬ ಮಾಲೆಯು ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿತೆಂದು ಬಹುಮಂದಿ ತಿಳಿದಿರುವರು. ವಾಸ್ತವವಾಗಿ 1965ರಲ್ಲಿ, ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಸಲಹೆಯಂತೆ, ಅದರ ಮೊದಲ ಪುಸ್ತಕಗಳು ಕನ್ನಡದಲ್ಲಿಯೇ ಹೊರಟವು. ಆ ಮೊದಲ ಹತ್ತೂ ಪಶ್ಚಿಮದ ಕಥೆಗಳು. ಅವುಗಳಿಗೆ ದೊರೆತ ಆದರವನ್ನು ಕಂಡ ಮೇಲೆ ಸಂಸ್ಥೆಯವರು ಪೈಗಳನ್ನು ಕರೆತಂದರು. ಹನ್ನೊಂದನೆಯ ಪುಸ್ತಕವೇ ‘ಕೃಷ್ಣ’. ಬರೆದವರು ಪೈಗಳು, ಚಿತ್ರಿಸಿದವರು ರಾಮ್ ವಾಯೀರ್‌ಕರ್. ನೆಟ್ಟವರೊಬ್ಬರು, ನೀರೆರೆದು ಹೆಮ್ಮರ ಮಾಡಿದವರು ಇನ್ನೊಬ್ಬರು. ಇಬ್ಬರನ್ನೂ ನೆನೆಯುವುದು ನ್ಯಾಯ.

ಮುಂದಿನ ಎರಡು ದಶಕಗಳ ದುಡಿಮೆಯನ್ನು ನೆನೆದರೆ ಬೆರಗಾಗುತ್ತದೆ. ನಾಲ್ಕುನೂರಕ್ಕೂ ಮಿಕ್ಕ ಪುಸ್ತಕಗಳು, ಇಪ್ಪತ್ತರಷ್ಟು ಭಾಷೆಗಳು. ಕೆಲವನ್ನು ಪೈಗಳು ತಾವೇ ಬರೆದರು. ಮಿಕ್ಕವನ್ನು ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮೊದಲಾದವರೊಡನೆ ತಿದ್ದಿ ತೀಡಿ ಹೊರತಂದರು. ಪುರಾಣದ ಮಗ್ಗುಲಿಗೆ ಇತಿಹಾಸವೂ ಬಂದಿತು. ಬಸವೇಶ್ವರ, ಕೃಷ್ಣದೇವರಾಯ, ಉಳ್ಳಾಲದ ರಾಣಿ ಅಬ್ಬಕ್ಕ ಇವರೆಲ್ಲ ದೂರದ ಊರುಗಳ ಮಕ್ಕಳಿಗೂ ಪರಿಚಿತರಾದರು. 1980ರ ನವೆಂಬರಿನಲ್ಲಿ ‘ಟಿಂಕಲ್’ ಪತ್ರಿಕೆಯು ಹೊರಟಿತು. ಅದರ ಪೆದ್ದ ಸುಪ್ಪಾಂಡಿಯನ್ನು ಅರಿಯದ ಮಕ್ಕಳುಂಟೇ? ಅವನು ಸಂಪಾದಕರ ಕೋಣೆಯಲ್ಲಿ ಹುಟ್ಟಿದವನಲ್ಲ. ತಮಿಳುನಾಡಿನ ಓದುಗರೊಬ್ಬರು ಕಳುಹಿಸಿದ ಜನಪದ ಕಥೆಗಳಿಂದ ಎದ್ದು ಬಂದವನು.

ಆದರೆ ಸಾಗರದಷ್ಟು ಕಥೆಯನ್ನು 32 ಪುಟಗಳ ಬೊಗಸೆಗೆ ತುಂಬುವುದು ಸುಲಭವೇ? ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿಯೇ ಬರೆಯುವವನ ಹೊಣೆಯಿರುವುದು. ‘ಕೃಷ್ಣ’ವನ್ನು ಮೊದಲು ಬರೆದಾಗ, ವಿಜ್ಞಾನವನ್ನೋದಿದ ಪೈಗಳು ಪವಾಡಗಳ ವಿಷಯದಲ್ಲಿ ಹಿಂಜರಿದರು, ಗೋವರ್ಧನವನ್ನೆತ್ತಿದ ಪ್ರಸಂಗಕ್ಕೆ ಹೆಚ್ಚು ಒತ್ತು ಕೊಡಲಿಲ್ಲ. ಮುಂದಿನ ಆವೃತ್ತಿಯಲ್ಲಿ ಅದು ತುಂಬು ವೈಭವದಿಂದ ಕಾಣಿಸಿಕೊಂಡಿತು. ಕಥೆ ಅದೇ, ಬರೆದವರೂ ಅವರೇ. ಆದರೂ ಎರಡು ಮಕ್ಕಳ ಕೈಗೆ ಎರಡು ಬಗೆಯ ಕೃಷ್ಣರು ಬಂದರು.

ಈ ಮಾಲೆಯನ್ನು ಆಕ್ಷೇಪಿಸಿದ ವಿದ್ವಾಂಸರೂ ಉಂಟು. ಅಸುರರಿಗೆ ಕಪ್ಪು ಮೈಬಣ್ಣವೇಕೆ? ಸ್ತ್ರೀಯರ ಪಾಲಿಗೆ ತ್ಯಾಗವೇ ಏಕೆ ಬರಬೇಕು? ನಾನಾ ಪಾಠಗಳುಳ್ಳ ಕಥೆಗೆ ಒಂದೇ ಪಾಠವನ್ನು ಏಕೆ ಕಟ್ಟಬೇಕು? ಇವು ತಳ್ಳಿಹಾಕತಕ್ಕ ಪ್ರಶ್ನೆಗಳಲ್ಲ. ದೊಡ್ಡವರು ಚಿತ್ರವನ್ನು ಚಿತ್ರವೆಂದು ನೋಡಿ ಮರೆಯುವರು. ಮಗುವಾದರೋ ಅದನ್ನೇ ನಿಜವೆಂದು ಎದೆಯಲ್ಲಿಟ್ಟುಕೊಳ್ಳುವುದು. ಮನೆಯ ಕಪ್ಪು ಬಣ್ಣದ ಹುಡುಗಿಯೊಬ್ಬಳು ಆ ಪುಟವನ್ನು ನೋಡಿ ಏನೆಂದುಕೊಂಡಾಳು ಎಂಬುದನ್ನು ತಾಯಾದವಳು ಯೋಚಿಸಲೇಬೇಕು.

ಹಾಗೆಂದು ದೋಷವನ್ನೆಲ್ಲ ಪೈಗಳ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳಬಹುದೇ? ಅಜ್ಜಿಯು ಹೇಳುತ್ತಿದ್ದಾಗ ಕಥೆಗೆ ಮೂವತ್ತೆರಡು ಪುಟಗಳ ಬೇಲಿಯಿರಲಿಲ್ಲ. ಮಗು “ಏಕೆ?” ಎಂದು ಕೇಳಿದರೆ ಕಥೆ ನಿಲ್ಲುತ್ತಿತ್ತು, ತಿರುಗುತ್ತಿತ್ತು, ಕೆಲವೊಮ್ಮೆ ಬೇರೆಯೇ ಆಗುತ್ತಿತ್ತು. ಆ ಸ್ಥಾನವನ್ನು ನಾವು ತೆರವು ಮಾಡಿದೆವು; ಅಲ್ಲಿ ಪುಸ್ತಕವು ಬಂದು ಕುಳಿತಿತು. ಪುಸ್ತಕವು ಕಥೆ ಹೇಳಬಲ್ಲುದು. ಮಗುವಿನ ಪ್ರಶ್ನೆಯನ್ನು ಕೇಳಿಸಿಕೊಳ್ಳಲಾರದು.

2011ರ ಫೆಬ್ರವರಿಯಲ್ಲಿ ದೆಹಲಿಯ ಕಾಮಿಕ್ಸ್ ಸಮ್ಮೇಳನವು ಪೈಗಳ ಜೀವಮಾನದ ಸಾಧನೆಯನ್ನು ಗೌರವಿಸಿತು. ಕೆಲವೇ ದಿನಗಳಲ್ಲಿ, 24ರಂದು, ಮುಂಬಯಿಯಲ್ಲಿ ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಾಯ ಬಾಯಿಂದ ಕಥೆ ಕೇಳುವ ವಯಸ್ಸು ಬರುವುದಕ್ಕೆ ಮುನ್ನವೇ ತಾಯಿಯನ್ನು ಕಳೆದುಕೊಂಡ ಕೂಸು, ತಾಯಂದಿರಿದ್ದೂ ಕಥೆ ದೊರೆಯದ ಲಕ್ಷಾಂತರ ಮಕ್ಕಳಿಗೆ ಕಥೆ ಹೇಳಿತು. ಇದನ್ನು ನೆನೆದಾಗ ನನಗೆ ಸಂತೋಷವೂ ಆಗುತ್ತದೆ, ನಾಚಿಕೆಯೂ ಆಗುತ್ತದೆ.

ಸೋದರಿಯರೇ, ಈ ತಿಂಗಳು ಒಂದು ಕೆಲಸ ಮಾಡಿರಿ. ಮಕ್ಕಳಿಗೆ ಚಿತ್ರಕಥೆಯ ಪುಸ್ತಕವನ್ನು ತಂದುಕೊಡಿರಿ, ಅದು ಒಳ್ಳೆಯದೇ. ಆದರೆ ಕೊಟ್ಟು ಅಡಿಗೆಮನೆಗೆ ಹೊರಟುಬಿಡಬೇಡಿರಿ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಜೊತೆಯಲ್ಲಿ ಕುಳಿತು ಓದಿರಿ. ಓದಿ ಮುಗಿದ ಬಳಿಕ ಪುಸ್ತಕವನ್ನು ಮಡಿಸಿಟ್ಟು, “ನಮ್ಮಜ್ಜಿ ಈ ಕಥೆಯನ್ನು ಬೇರೆ ರೀತಿ ಹೇಳುತ್ತಿದ್ದರು” ಎಂದು ಮೊದಲು ಮಾಡಿರಿ. ಮಗು ತಾನಾಗಿಯೇ ಹತ್ತಿರ ಸರಿದು ಕುಳಿತೀತು.